ಮೂವತ್ತೈದು ಡಿಗ್ರಿಯ ಸೆಕೆ, ಎಪ್ಪತ್ತೈದರ ದೇಹ

ಚಾರ್ಮಾಡಿ ಘಾಟಿ ಇಳಿದು ಬೆಳ್ತಂಗಡಿಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಹಸುರು. ಅಡಿಕೆ ತೋಟ, ರಬ್ಬರ್, ನಡುವೆ ತೋಡು, ಹಿಂದೆ ಕುದುರೆಮುಖದ ಸಾಲು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ಊರಿನಲ್ಲಿ ಸೆಕೆಗೆ ಯಾರಾದರೂ ಹಾಸಿಗೆ ಹಿಡಿಯುತ್ತಾರೆ ಎಂದರೆ ನಂಬುವುದು ಕಷ್ಟ. ಆದರೆ 2019ರ ಮೇ ತಿಂಗಳಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು ನೇತ್ರಾವತಿಯಲ್ಲಿ ನೀರು ತೀರಾ ಇಳಿದಿರುವುದರಿಂದ ಯಾತ್ರೆಯನ್ನು ಕೆಲವು ದಿನ ಮುಂದೂಡಿ ಎಂದು ಭಕ್ತರನ್ನು ಕೇಳಿಕೊಂಡದ್ದು ಇದೇ ತಾಲೂಕಿನಲ್ಲಿ. ಅದಾಗಿ ಮೂರೇ ತಿಂಗಳಿಗೆ, ಆಗಸ್ಟ್‌ನಲ್ಲಿ, ಘಾಟಿಯ ಬುಡದ ಹಳ್ಳಿಗಳಿಗೆ ನೆರೆ ನುಗ್ಗಿತು, ಗುಡ್ಡ ಕುಸಿಯಿತು. ಊರಿನ ನೆನಪಿನಲ್ಲಿ ಉಳಿದದ್ದು ಆಗಸ್ಟ್. ನೆರೆಗೆ ಫೋಟೊ ಇದೆ, ಪರಿಹಾರದ ಅರ್ಜಿ ಇದೆ. ಸೆಕೆಗೆ ಅದೆರಡೂ ಇಲ್ಲ. ಸೆಕೆಯಿಂದ ಬಳಲಿ ಬಿದ್ದ ಅಜ್ಜನ ಕಾಗದಪತ್ರದಲ್ಲಿ ಬರೆದಿರುವುದು ಹೃದಯಾಘಾತ ಎಂದೋ, ಕಿಡ್ನಿ ತೊಂದರೆ ಎಂದೋ, ಸೊಂಟದ ಮೂಳೆ ಮುರಿತ ಎಂದೋ ಇರುತ್ತದೆ.

ಬಿಸಿಲು ಎಂದರೆ ಕಲಬುರಗಿ, ರಾಯಚೂರು ಎಂಬುದು ರಾಜ್ಯದಲ್ಲಿ ಬೇರೂರಿದ ಎಣಿಕೆ. ಅಲ್ಲಿ ಪಾದರಸ ನಲವತ್ತೆರಡು ದಾಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸರಕಾರಿ ಕಚೇರಿಗಳು ಬೆಳಗ್ಗೆ ಎಂಟಕ್ಕೇ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಸಾಮಾನ್ಯವಾಗಿ ಮೂವತ್ತೈದು, ಮೂವತ್ತಾರರ ಆಸುಪಾಸು. ಹವಾಮಾನ ಇಲಾಖೆ ಮಾತ್ರ ಎರಡು ಕಡೆಗೂ ಒಂದೇ ಅಳತೆಗೋಲು ಹಿಡಿಯುವುದಿಲ್ಲ. ಬಿಸಿಗಾಳಿ ಎಂದು ಘೋಷಿಸಬೇಕಾದರೆ ಬಯಲು ನಾಡಿನಲ್ಲಿ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಬೇಕು. ಕರಾವಳಿಯಲ್ಲಿ 37 ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿದ್ದರೆ ಸಾಕು. 2023ರ ಮಾರ್ಚ್ ಮೊದಲ ವಾರದಲ್ಲಿ ಕರಾವಳಿ ಕರ್ನಾಟಕಕ್ಕೆ ಅಂಥ ಎಚ್ಚರಿಕೆ ಬಂತು. 2025ರಲ್ಲಿ ಇನ್ನೂ ಮುಂಚೆ, ಫೆಬ್ರವರಿ ಕೊನೆಯ ವಾರದಲ್ಲೇ ಬಂತು. ಕ್ಯಾಲೆಂಡರಿನ ಪ್ರಕಾರ ಅದು ಚಳಿಗಾಲದ ಬಾಲ.

ಮೂರು ಡಿಗ್ರಿಯ ಈ ರಿಯಾಯಿತಿಗೆ ಕಾರಣ ಗಾಳಿಯಲ್ಲಿರುವ ನೀರು. ಮನುಷ್ಯನ ಮೈ ತಂಪಾಗುವುದು ಬೆವರು ಸುರಿಯುವುದರಿಂದಲ್ಲ, ಬೆವರು ಆರುವುದರಿಂದ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಅದೇ ಬೆವರು ಆವಿಯಾಗದೆ ಬೆನ್ನ ಮೇಲೆ ಹನಿಹನಿಯಾಗಿ ಇಳಿದು ಬನಿಯನ್ ಒದ್ದೆಯಾದರೆ ನೀರು, ಉಪ್ಪು ಎರಡೂ ನಷ್ಟ. ತಂಪು ಮಾತ್ರ ಇಲ್ಲ. ವಿಜಯಪುರದ ಒಣಗಾಳಿಯಲ್ಲಿ ಮಣ್ಣಿನ ಹೂಜಿಯ ನೀರು ಚೆನ್ನಾಗಿ ತಣಿಯುತ್ತದೆ, ಬಂಟ್ವಾಳದ ಏಪ್ರಿಲ್‌ನಲ್ಲಿ ಅಷ್ಟು ತಣಿಯುವುದಿಲ್ಲ. ಮೈಯದೂ ಅದೇ ಕತೆ. ನೆರಳಿನಲ್ಲಿ 32 ಡಿಗ್ರಿ ಇದ್ದು ತೇವಾಂಶ ಶೇ 70 ಇದ್ದರೆ ಮೈಗೆ ತಾಗುವ ಸೆಕೆ 40 ಡಿಗ್ರಿಯ ಹತ್ತಿರ ಇರುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಇನ್ನಷ್ಟು ಬಿಗಿ ಮಾಡಿತು. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣಾಂಶ 35 ಡಿಗ್ರಿ ಆಗುವವರೆಗೂ ಮನುಷ್ಯ ತಾಳಬಲ್ಲ ಎಂದು ಅಲ್ಲಿಯವರೆಗೆ ಲೆಕ್ಕ ಹಾಕಿದ್ದರು. ಆರೋಗ್ಯವಂತ ಯುವಕ ಯುವತಿಯರಲ್ಲೇ ತೇವದ ಗಾಳಿಯಲ್ಲಿ ಆ ಗೆರೆ 31ರ ಸುತ್ತ ನಿಂತಿತು. ವಯಸ್ಸಾದವರಲ್ಲಿ ಅದಕ್ಕಿಂತ ಕೆಳಗೆ.

ವಯಸ್ಸಾದ ಮೈಯಲ್ಲಿ ಬದಲಾಗುವುದಾದರೂ ಏನು? ಬೆವರಿನ ಗ್ರಂಥಿಗಳು ಇರುತ್ತವೆ, ಆದರೆ ಒಂದೊಂದೂ ಮೊದಲಿಗಿಂತ ಕಡಿಮೆ ಸುರಿಸುತ್ತದೆ, ಸುರಿಸಲು ತಡವಾಗಿ ಶುರುಮಾಡುತ್ತದೆ. ಒಳಗಿನ ಬಿಸಿಯನ್ನು ಹೊರಗೆ ಚೆಲ್ಲಲು ರಕ್ತ ಚರ್ಮದ ಕಡೆಗೆ ಹರಿಯಬೇಕು. ಚರ್ಮದ ರಕ್ತನಾಳಗಳು ಮೊದಲಿನಷ್ಟು ಹಿಗ್ಗುವುದಿಲ್ಲ. ಹಿಗ್ಗಿದರೂ ಅಷ್ಟು ರಕ್ತವನ್ನು ಅಲ್ಲಿಗೆ ತಳ್ಳಲು ಹೃದಯ ಹೆಚ್ಚು ದುಡಿಯಬೇಕು. ಮೂವತ್ತರ ಹೃದಯ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡ ಎಪ್ಪತ್ತೈದರ ಹೃದಯಕ್ಕೆ ಮಧ್ಯಾಹ್ನ ಸುಮ್ಮನೆ ಕೂತಿರುವುದೂ ಏರು ಹತ್ತಿದ ಹಾಗೆ. ಸಕ್ಕರೆ ಕಾಯಿಲೆ ಹಳೆಯದಾಗಿ ನರಗಳು ಸೋತಿದ್ದರೆ ಕಾಲಿನ ಭಾಗ ಬೆವರುವುದೇ ಇಲ್ಲ. ಮೈಯಲ್ಲಿ ನೀರಿನ ದಾಸ್ತಾನೂ ಕಡಿಮೆ: ಯುವಕನ ತೂಕದಲ್ಲಿ ಶೇ 60ರಷ್ಟು ನೀರಿದ್ದರೆ ಮುದುಕನಲ್ಲಿ ಅದು 50ರ ಹತ್ತಿರಕ್ಕೆ ಇಳಿದಿರುತ್ತದೆ. ಮೂತ್ರವನ್ನು ಗಟ್ಟಿ ಮಾಡಿ ನೀರು ಉಳಿಸುವ ಮೂತ್ರಪಿಂಡದ ಕಸುಬೂ ವಯಸ್ಸಿನೊಂದಿಗೆ ಸಡಿಲವಾಗುತ್ತದೆ.

ಇಷ್ಟೆಲ್ಲದರ ಮೇಲೆ, ಬಾಯಾರಿಕೆಯೇ ಕೈಕೊಡುತ್ತದೆ. 1984ರಲ್ಲಿ ಒಂದು ಪುಟ್ಟ ಪ್ರಯೋಗ ನಡೆಯಿತು. ಅರವತ್ತೈದು ದಾಟಿದ ಆರೋಗ್ಯವಂತ ಗಂಡಸರನ್ನೂ ಕೆಲವು ಯುವಕರನ್ನೂ 24 ಗಂಟೆ ನೀರಿಲ್ಲದೆ ಇರಿಸಿದರು. ರಕ್ತ ಪರೀಕ್ಷೆಯಲ್ಲಿ ಹಿರಿಯರ ಮೈ ಯುವಕರದಕ್ಕಿಂತ ಹೆಚ್ಚು ಒಣಗಿತ್ತು. ಆದರೂ ಅವರಿಗೆ ಅಷ್ಟಾಗಿ ಬಾಯಾರಿರಲಿಲ್ಲ. ನೀರು ಮುಂದಿಟ್ಟಾಗ ಕುಡಿದದ್ದೂ ಕಡಿಮೆ. ‘ಬಾಯಾರಿದರೆ ಕೇಳ್ತೇನೆ’ ಎಂದು ಅಜ್ಜಿ ಹೇಳಿದರೆ ಅದನ್ನು ನಂಬಿ ಅಡುಗೆ ಮನೆಗೆ ಹೋಗುವ ಸೊಸೆ ಇಲ್ಲೇ ಎಡವುವುದು. ಅಜ್ಜಿ ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜಕ್ಕೂ ಬಾಯಾರಿಲ್ಲ.

ಕೆಲವರು ಬೇಕೆಂದೇ ಕುಡಿಯುವುದಿಲ್ಲ, ಇದನ್ನು ಮುಜುಗರದಿಂದ ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ. ಗಂಟುನೋವಿನ ಹೆಂಗಸಿಗೆ ಕುಕ್ಕರುಗಾಲಿನ ಶೌಚಾಲಯಕ್ಕೆ ಮೂರು ಸಲ ಹೋಗುವುದಕ್ಕಿಂತ ಒಂದು ಲೋಟ ನೀರು ಕಡಿಮೆ ಕುಡಿಯುವುದು ಸುಲಭ. ಹಳೆಯ ಮನೆಗಳಲ್ಲಿ ಶೌಚಾಲಯ ಅಂಗಳದ ಆಚೆ. ಪ್ರಾಸ್ಟೇಟ್ ತೊಂದರೆಯ ಗಂಡಸರು ರಾತ್ರಿ ಏಳುವ ಭಯಕ್ಕೆ ಸಂಜೆ ಐದರ ಮೇಲೆ ನೀರು ಮುಟ್ಟುವುದಿಲ್ಲ. ಮದುವೆಗೆ, ಆಸ್ಪತ್ರೆಗೆ ಬಸ್ಸಿನಲ್ಲಿ ಹೊರಟ ದಿನವಂತೂ ಬೆಳಗ್ಗಿನ ಚಹಾವೇ ಕೊನೆಯ ದ್ರವ. ಮಂಚದ ಹತ್ತಿರ ಒಂದು ಕಮೋಡ್ ಕುರ್ಚಿ, ಗೋಡೆಗೊಂದು ಹಿಡಿಕೆ ಇದ್ದರೆ ಸೆಕೆಯ ಎಷ್ಟೋ ಉಪದೇಶಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ಇನ್ನು ಮಾತ್ರೆಯ ಡಬ್ಬಿ. ರಕ್ತದೊತ್ತಡಕ್ಕೆ, ಹೃದಯಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು ಬೇಸಗೆಯಲ್ಲೂ ನೀರನ್ನು ಹೊರಗೆ ಹಾಕುತ್ತಲೇ ಇರುತ್ತವೆ. ಡಯಾಬಿಟಿಸ್‌ಗೆ ಈಚೆಗೆ ಹೆಚ್ಚು ಬಳಕೆಗೆ ಬಂದ ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ಸಕ್ಕರೆಯೊಂದಿಗೆ ನೀರನ್ನೂ ಮೂತ್ರಕ್ಕೆ ಬಿಡುತ್ತದೆ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥವು ಹೃದಯದ ಬಡಿತ ಏರದಂತೆ ತಡೆಯುತ್ತವೆ; ಸೆಕೆಯಲ್ಲಿ ಬಡಿತ ಏರಲೇಬೇಕಾದಾಗ ಅದು ತೊಡಕು. ನಿದ್ದೆಗೆಂದೋ ನರದ ನೋವಿಗೆಂದೋ ಕೊಡುವ ಅಮಿಟ್ರಿಪ್ಟಿಲಿನ್, ಶೀತಕ್ಕೆ ನುಂಗುವ ಹಳೆಯ ಕಾಲದ ಅಲರ್ಜಿ ಮಾತ್ರೆಗಳು ಬೆವರನ್ನೇ ತಗ್ಗಿಸುತ್ತವೆ. ಇವೆಲ್ಲಕ್ಕಿಂತ ನಮ್ಮ ಕಡೆ ಹೆಚ್ಚು ಹೆದರಬೇಕಾದದ್ದು ಚೀಟಿ ಇಲ್ಲದೆ ಮೆಡಿಕಲ್‌ನಿಂದ ತರುವ ನೋವಿನ ಮಾತ್ರೆಗೆ. ಟೆಲ್ಮಿಸಾರ್ಟನ್ ಜಾತಿಯ ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಜತೆಗೆ ಮಂಡಿನೋವಿಗೆ ಡೈಕ್ಲೊಫೆನಾಕ್: ಮೈಯಲ್ಲಿ ನೀರು ಕಡಿಮೆ ಇರುವ ದಿನ ಈ ಮೂರೂ ಸೇರಿದರೆ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಕೆಡಬಹುದು. ಹಾಗೆಂದು ಬಿ.ಪಿ. ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ಮಾರ್ಚ್ ಬರುವ ಮೊದಲು ಡಬ್ಬಿಯನ್ನೇ ಎತ್ತಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಡಬೇಕು, ಅಷ್ಟೇ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಅರವತ್ತು ದಾಟಿದವರು ಮನೆಯಲ್ಲಿ ಕೈಕಟ್ಟಿ ಕೂರುವ ಜನ ಅಲ್ಲ. ಚಾಲಿ ಅಡಿಕೆ ಒಣಗಲು ಒಂದೂವರೆ ತಿಂಗಳಷ್ಟು ಬಿಸಿಲು ಬೇಕು; ಅಂಗಳದಲ್ಲಿ ಅದನ್ನು ಕಾಲಿನಿಂದ ಮಗುಚುವ ಕೆಲಸ ಮನೆಯ ಹಿರಿಯರದು, ಅದೂ ನೆತ್ತಿ ಸುಡುವ ಹೊತ್ತಿಗೆ. ಗೇರುಬೀಜ ಹೆಕ್ಕುವ ಕಾಲವೂ ಇದೇ. ದನಕ್ಕೆ ಹುಲ್ಲು ಬೇಕು, ಮಡಹಾಳೆ ಒಟ್ಟು ಮಾಡಬೇಕು. ಒಳಗೆ ಕೂತು ಬೀಡಿ ಕಟ್ಟುವ ಹೆಂಗಸರಿಗೆ ಬಿಸಿಲಿಲ್ಲ, ಆದರೆ ಫ್ಯಾನ್ ಹಾಕಿದರೆ ಹೊಗೆಸೊಪ್ಪಿನ ಪುಡಿ ಹಾರುತ್ತದೆ, ಎಲೆ ಬೇಗ ಒಣಗುತ್ತದೆ. ಹಾಗಾಗಿ ಫ್ಯಾನ್ ಇದ್ದೂ ಇಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಈ ನಾಡಿನ ತಲೆ ಕಾಯ್ದದ್ದು ಹೆಂಚು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹರಡಿದ ಆ ಹೆಂಚಿನ ಸಂದುಗಳಲ್ಲಿ ಬಿಸಿಗಾಳಿ ಹೊರಹೋಗುತ್ತಿತ್ತು. ಈಗಿನ ತಾರಸಿ ಹಗಲು ಕುಡಿದ ಬಿಸಿಲನ್ನು ರಾತ್ರಿ ಹನ್ನೊಂದರ ತನಕ ಕೆಳಗೆ ಮಲಗಿದವರ ಮೇಲೆ ಸುರಿಯುತ್ತದೆ. ಮಳೆಗೆಂದು ತಾರಸಿಯ ಮೇಲೆ ಎತ್ತರಕ್ಕೆ ಶೀಟ್ ಹಾಕಿಸಿದ ಮನೆಗಳಿಗೆ ಈ ಕಾಟ ಕಡಿಮೆ. ನೇರವಾಗಿ ಶೀಟಿನ ಕೆಳಗೇ ಬದುಕುವವರಿಗೆ ಅತಿ ಹೆಚ್ಚು.

ಸೆಕೆಗೆ ಸಾಯುವವರು ಯಾರು ಎಂಬುದನ್ನು ಜಗತ್ತು ಕೆಲವು ದೊಡ್ಡ ದುರಂತಗಳಿಂದ ಕಲಿತಿದೆ. 1995ರ ಜುಲೈಯಲ್ಲಿ ಷಿಕಾಗೊ ನಗರದಲ್ಲಿ ಕೆಲವೇ ದಿನಗಳಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ವಯಸ್ಸಾದವರು, ಒಂಟಿಯಾಗಿದ್ದವರು. 2003ರ ಆಗಸ್ಟ್‌ನಲ್ಲಿ ಫ್ರಾನ್ಸ್ ಸುಮಾರು 15 ಸಾವಿರ ಜನರನ್ನು ಕಳೆದುಕೊಂಡಿತು. ನಮ್ಮಲ್ಲಿ, 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ವಾಡಿಕೆಗಿಂತ 1,344 ಸಾವು ಹೆಚ್ಚಾದವು ಎಂದು ಆಮೇಲೆ ಲೆಕ್ಕ ಸಿಕ್ಕಿತು. ಆ ನಗರ 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ಬಿಸಿಗಾಳಿ ಕ್ರಿಯಾಯೋಜನೆ ಮಾಡಿಕೊಂಡಿತು. ಷಿಕಾಗೊ ಸಾವುಗಳನ್ನು ಬೆನ್ನುಹತ್ತಿದ ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನನ್‌ಬರ್ಗ್ ಗಮನಿಸಿದ್ದು ಮಾತ್ರ ಉಷ್ಣಾಂಶವನ್ನಲ್ಲ, ಬೀದಿಯನ್ನು. ಬಡತನ ಹೆಚ್ಚುಕಡಿಮೆ ಒಂದೇ ಆಗಿದ್ದ ಎರಡು ಅಕ್ಕಪಕ್ಕದ ಬಡಾವಣೆಗಳಲ್ಲಿ ಅಂಗಡಿ, ಜನಸಂಚಾರ ಇದ್ದ ಕಡೆ ಸಾವು ಕಡಿಮೆ. ಬೀದಿ ಖಾಲಿಯಾಗಿದ್ದ ಕಡೆ ಹೆಚ್ಚು.

ಇದನ್ನು ಬೆಳ್ತಂಗಡಿಗೆ ತಂದು ನೋಡಿದರೆ ಸ್ವಲ್ಪ ಕಳವಳವಾಗುತ್ತದೆ. ಬಯಲುಸೀಮೆಯ ಹಳ್ಳಿಯಲ್ಲಿ ಜಗಲಿಗೆ ಜಗಲಿ ತಾಗಿರುತ್ತದೆ. ಅಜ್ಜ ಎರಡು ದಿನ ಕಟ್ಟೆಗೆ ಬಾರದಿದ್ದರೆ ಊರಿಗೆ ಗೊತ್ತಾಗುತ್ತದೆ. ಇಲ್ಲಿ ಒಂದೊಂದು ಮನೆಯೂ ತನ್ನ ತೋಟದ ನಡುವೆ ಒಂಟಿ. ಪಕ್ಕದ ಮನೆ ಎಂದರೆ ಗುಡ್ಡದ ಆಚೆ, ಸಂಕ ದಾಟಿ. ಮಕ್ಕಳು ಬೆಂಗಳೂರು, ಮುಂಬೈ, ದುಬೈ. ಉಳಿದವರು ಇಬ್ಬರು, ಕೆಲವು ಕಡೆ ಒಬ್ಬರು, ಜತೆಗೊಂದು ನಾಯಿ. ರಾತ್ರಿ ವಿಡಿಯೊ ಕರೆಯಲ್ಲಿ ಮಗನಿಗೆ ಕಾಣುವುದು ಮುಖ ಮಾತ್ರ; ಕೋಣೆಯ ಸೆಕೆ ಪರದೆಯಲ್ಲಿ ಕಾಣುವುದಿಲ್ಲ.

ಆದರೆ ಬೇರೆ ಬಗೆಯ ಬೀದಿಗಳು ಇಲ್ಲಿ ಉಂಟು. ಬೆಳಗ್ಗೆ ಸಂಜೆ ಹಾಲಿನ ಸೊಸೈಟಿ ಉಂಟು, ಬೀಡಿ ಕೊಡುವ ಬ್ರಾಂಚ್ ಉಂಟು, ಆಶಾ ಕಾರ್ಯಕರ್ತೆ ಇದ್ದಾರೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಹುಟ್ಟಿದ್ದೇ ಈ ತಾಲೂಕಿನಲ್ಲಿ. ಅದರ ಸ್ವಸಹಾಯ ಸಂಘಗಳು ಇವತ್ತು ಮನೆಮನೆಗೆ ಮುಟ್ಟಿವೆ. ಸಂಘದ ಸಭೆಯಲ್ಲಿ ಕಂತಿನ ಲೆಕ್ಕದ ಜತೆ ‘ಮೇಲಿನ ಮನೆಯ ಅಜ್ಜಿಯನ್ನು ಈ ವಾರ ಯಾರು ನೋಡಿದ್ದೀರಿ’ ಎಂದು ಒಂದು ಪ್ರಶ್ನೆ ಸೇರಿಸಲು ಖರ್ಚಿಲ್ಲ. ಎಚ್ಚರಿಕೆ ಬಂದ ದಿನಗಳಲ್ಲಿ ದಿನಕ್ಕೆ ಎರಡು ಸಲ, ಅದರಲ್ಲೊಂದು ಮಧ್ಯಾಹ್ನ ಮೂರರ ಹೊತ್ತಿಗೆ, ಯಾರಾದರೂ ಹೋಗಿ ಮುಖ ನೋಡಿ ಮಾತಾಡಿಸಿ ಬರಬೇಕು.

ಕುಡಿಯುವ ವಿಷಯಕ್ಕೆ ಬಂದರೆ, ಬಾಯಾರಿಕೆಯನ್ನು ನಂಬದೆ ಗಡಿಯಾರವನ್ನು ನಂಬುವುದೇ ಉಪಾಯ. ಎದ್ದ ಕೂಡಲೆ ಒಂದು ಲೋಟ, ಆಮೇಲೆ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ, ಸಂಜೆಯೊಳಗೆ ಹೆಚ್ಚಿನ ಪಾಲು ಮುಗಿದರೆ ರಾತ್ರಿ ಏಳುವ ಕಾಟವೂ ಕಡಿಮೆ. ಮೂತ್ರ ತಿಳಿಹಳದಿ ಇದ್ದರೆ ಸಾಕಾಗಿದೆ ಎಂದರ್ಥ. ಏನು ಕುಡಿಯಬೇಕೆಂದು ತುಳುನಾಡಿಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ಬಂದವರಿಗೆ ಬೆಲ್ಲ, ನೀರು ಕೊಡುವ ಪದ್ಧತಿ ಇನ್ನೂ ಹಲವು ಮನೆಗಳಲ್ಲಿದೆ. ಕುಚ್ಚಲಕ್ಕಿ ಗಂಜಿಯ ತಿಳಿಗೆ ಚಿಟಿಕೆ ಉಪ್ಪು, ಮಜ್ಜಿಗೆ ನೀರು, ಪುನರ್ಪುಳಿ ಶರಬತ್ತು, ಒಂದೆಲಗದ ತಂಬುಳಿ, ಎಲ್ಲವೂ ಒಳ್ಳೆಯವೇ. ಓ.ಆರ್.ಎಸ್. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಆದರೆ ಊರಿನ ಎರಡು ನಂಬಿಕೆಗಳನ್ನು ತಿದ್ದಬೇಕಾಗಿದೆ. ಬೊಂಡ ಯಾರಿಗೂ ಕೆಟ್ಟದಲ್ಲ ಎಂಬುದು ಒಂದು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡ ಸೋತವರಿಗೆ ಅದು ರಕ್ತದಲ್ಲಿ ಉಳಿದು ಹೃದಯದ ಲಯ ತಪ್ಪಿಸಬಲ್ಲದು. ಹೆಚ್ಚು ಕುಡಿದಷ್ಟೂ ಒಳ್ಳೆಯದು ಎಂಬುದು ಇನ್ನೊಂದು. ಹೃದಯ ದುರ್ಬಲವಾಗಿ ಕಾಲು ಬಾತುಕೊಳ್ಳುವವರಿಗೆ ಡಾಕ್ಟರು ದಿನಕ್ಕೆ ಇಷ್ಟೇ ನೀರು ಎಂದು ಮಿತಿ ಹಾಕಿರುತ್ತಾರೆ. ಬೇಸಗೆಗೆ ಆ ಮಿತಿ ಎಷ್ಟು ಎಂದು ಅವರನ್ನೇ ಕೇಳಬೇಕು.

ಫ್ಯಾನಿನ ಬಗ್ಗೆ ಗೊಂದಲ ಬೇಡ. ಉಷ್ಣಾಂಶ 40 ಡಿಗ್ರಿ ದಾಟಿದ ಕಡೆ ಫ್ಯಾನ್ ಮೈಗೆ ಬಿಸಿಗಾಳಿಯನ್ನೇ ಊದುವುದರಿಂದ ಅಪಾಯ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ನಮ್ಮ ಮೂವತ್ತೈದರಲ್ಲಿ ಅದು ಉಪಕಾರಿ. ಬೆವರು ಕಡಿಮೆ ಇರುವ ಹಿರಿಯರಿಗೆ ಬರೀ ಫ್ಯಾನ್ ಸಾಲದು, ಆರಲು ಮೈಮೇಲೆ ನೀರು ಬೇಕು. ಒದ್ದೆ ಮಾಡಿ ಹಿಂಡಿದ ಬೈರಾಸನ್ನು ಕುತ್ತಿಗೆಗೆ, ಕೈಗಳಿಗೆ ಒರೆಸಿ ಫ್ಯಾನಿನ ಕೆಳಗೆ ಕೂತರೆ ಹೊರಗಿನಿಂದ ಬೆವರು ಕೊಟ್ಟಂತೆ. ಕರೆಂಟ್ ಬಿಲ್ಲಿಗೆ ಹೆದರಿ ಫ್ಯಾನ್ ಆರಿಸುವ ಅಜ್ಜಂದಿರಿಗೆ ಗೃಹಜ್ಯೋತಿ ಯೋಜನೆಯ ಉಚಿತ ಕರೆಂಟನ್ನು ನೆನಪಿಸಬಹುದು. ಏಪ್ರಿಲ್ ಸಂಜೆಯ ಗುಡುಗು ಗಾಳಿಗೆ ಮರ ಬಿದ್ದು ಕರೆಂಟ್ ಹೋದ ರಾತ್ರಿಗೆ ಹಾಳೆಯ ಬೀಸಣಿಗೆ, ಒದ್ದೆ ಬಟ್ಟೆ, ಜಗಲಿಯ ಮಂಚ. ಬೇಸಗೆಯಲ್ಲೂ ಹಂಡೆಯ ಸುಡು ನೀರು ಮಿಂದರೇ ಸಮಾಧಾನ ಎನ್ನುವವರು ಇದ್ದಾರೆ. ಬಿಸಿನೀರಿಗೆ ರಕ್ತನಾಳ ಹಿಗ್ಗಿ, ಏಳುವಾಗ ಬಿ.ಪಿ. ಇಳಿದು ಬಚ್ಚಲಲ್ಲೇ ಬೀಳುವುದು ಹೀಗೆ. ಉಗುರುಬೆಚ್ಚಗಿನ ನೀರು ಸಾಕು.

ಹೊರಗಿನ ಕೆಲಸ ಹತ್ತರೊಳಗೆ, ಇಲ್ಲವೇ ನಾಲ್ಕೂವರೆಯ ಮೇಲೆ. ಅಡಿಕೆ ಮಗುಚಲು ಹನ್ನೆರಡು ಗಂಟೆಯೇ ಆಗಬೇಕೆಂದಿಲ್ಲ. ತಲೆಯ ಮೇಲಿನ ಮುಟ್ಟಾಳೆ ಬಿಸಿಲು ತಡೆಯುತ್ತದೆ, ಸೆಕೆಯನ್ನಲ್ಲ. ಸೆಕೆಗೆ ಮೈ ಒಗ್ಗಲು ಒಂದೆರಡು ವಾರ ಬೇಕಾಗುವುದರಿಂದ ಮೊದಲ ಬಿಸಿ ದಿನಗಳೇ ಹೆಚ್ಚು ಅಪಾಯದವು. ಡಿಸೆಂಬರ್‌ನಲ್ಲಿ ಬೆಂಗಳೂರಿನ ಮಗಳ ಮನೆಗೆ ಹೋಗಿ ಮಾರ್ಚ್‌ನಲ್ಲಿ ಮರಳಿದ ಅಜ್ಜಿ ಬಂದ ಮರುದಿನವೇ ಗೇರುಗುಡ್ಡ ಹತ್ತಬಾರದು.

ಈ ಎಲ್ಲ ಲೆಕ್ಕಾಚಾರ ತಪ್ಪುವುದು ಹಬ್ಬಹರಿದಿನಗಳಲ್ಲಿ. ನೇಮ, ಕೋಲ, ಯಕ್ಷಗಾನ, ಬ್ರಹ್ಮಕಲಶ, ಎಲ್ಲವೂ ತುಳುವರ ಬೇಶ ತಿಂಗಳ ಹತ್ತರ ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ ಮುಗಿಯಬೇಕು. ವರ್ಷದ ಅತಿ ಸೆಕೆಯ ತಿಂಗಳುಗಳೂ ಅತಿ ಜನ ಸೇರುವ ತಿಂಗಳುಗಳೂ ಒಂದೇ. 2024ರ ವೇಣೂರಿನ ಮಹಾಮಸ್ತಕಾಭಿಷೇಕ ನಡೆದದ್ದೂ ಫೆಬ್ರವರಿ ಕೊನೆಯಲ್ಲಿ. ಈಚಿನ ವರ್ಷಗಳಲ್ಲಿ ರಂಜಾನ್ ಉಪವಾಸವೂ ಫೆಬ್ರವರಿ, ಮಾರ್ಚ್‌ಗೆ ಬಂದಿದೆ. ನಿರ್ಜಲ ಉಪವಾಸ ಹಿಡಿಯುವ ಹಿರಿಯರು ಇನ್ಸುಲಿನ್, ಬಿ.ಪಿ. ಮಾತ್ರೆಯ ಹೊತ್ತನ್ನು ಮೊದಲೇ ಡಾಕ್ಟರೊಂದಿಗೆ ಕೂತು ಬದಲಿಸಿಕೊಳ್ಳಬೇಕು. ಕಾಯಿಲೆಯವರಿಗೆ ಬಹುತೇಕ ಎಲ್ಲ ಧರ್ಮಗಳೂ ವಿನಾಯಿತಿ ಕೊಟ್ಟಿವೆ. ದೇವಸ್ಥಾನ, ಮಸೀದಿ, ಇಗರ್ಜಿಯ ಸಮಿತಿಗಳು ಊಟದ ಪಂಕ್ತಿಯನ್ನು ಹಿರಿಯರಿಗೆ ಬೇರೆಯೇ, ಬೇಗನೆ ಮಾಡಿದರೆ ಸಾಲಿನಲ್ಲಿ ನಿಲ್ಲುವ ಒಂದು ಗಂಟೆ ಉಳಿಯುತ್ತದೆ.

ಹಿರಿಯರಲ್ಲಿ ಸೆಕೆಯ ಪೆಟ್ಟು ಹೆಚ್ಚಾಗಿ ಸದ್ದಿಲ್ಲದೆ ಶುರುವಾಗುತ್ತದೆ. ಊಟ ಬೇಡ ಎನ್ನುತ್ತಾರೆ, ಮಂಚ ಬಿಟ್ಟು ಏಳುವುದಿಲ್ಲ, ಎದ್ದರೆ ತಲೆ ತಿರುಗುತ್ತದೆ, ಮೀನಖಂಡ ಸೆಳೆಯುತ್ತದೆ. ಆಗ ತಂಪಾದ ಜಾಗ, ಉಪ್ಪು ಸಕ್ಕರೆ ನೀರು, ವಿಶ್ರಾಂತಿ ಕೊಟ್ಟರೆ ಗಂಟೆಯೊಳಗೆ ಸುಧಾರಿಸಬೇಕು. ಮಾತು ತೊದಲಿದರೆ, ಮನೆಯವರ ಹೆಸರು ತಪ್ಪಿದರೆ, ಅಸಂಬದ್ಧ ಮಾತಾಡಿದರೆ ಅದು ಅರಳುಮರಳು ಎಂದು ಸುಮ್ಮನಿರುವ ಹೊತ್ತಲ್ಲ. ಮೈ ಒಳಗೆ 40 ಡಿಗ್ರಿ ದಾಟಿ ಮಿದುಳಿಗೆ ಪೆಟ್ಟು ಬೀಳುತ್ತಿರಬಹುದು. ಚರ್ಮ ಒಣಗಿರಬಹುದು, ಬೆವರಿಯೂ ಇರಬಹುದು. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಶಿಶಿಲದಂಥ ಒಳಗಿನ ಹಳ್ಳಿಗೆ ಬರುವಷ್ಟು ಹೊತ್ತು ಕೈಕಟ್ಟಿ ನಿಲ್ಲಬೇಡಿ. ಬಟ್ಟೆ ಸಡಿಲಿಸಿ ಮೈಗೆಲ್ಲ ನೀರು ಹಾಕಿ, ಗಾಳಿ ಬೀಸಿ, ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕಂಕುಳು, ಕುತ್ತಿಗೆ, ತೊಡೆಸಂದಿಗೆ ಇಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಪ್ಯಾರಾಸಿಟಮಾಲ್ ಕೊಡಬಾರದು, ಇದು ಜ್ವರವಲ್ಲ, ಆ ಮಾತ್ರೆಗೆ ಇದು ಇಳಿಯುವುದಿಲ್ಲ, ಲಿವರಿಗೆ ಹಾನಿ ಬೇರೆ.

ಜೂನ್ ಬಂದು ಮಳೆ ಹಿಡಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಸೆಕೆಯಲ್ಲಿ ರಕ್ತದೊತ್ತಡ ತಾನಾಗಿಯೇ ಸ್ವಲ್ಪ ಇಳಿಯುವುದರಿಂದ ಕೆಲವರಿಗೆ ಡಾಕ್ಟರು ಬೇಸಗೆಯಲ್ಲಿ ಮಾತ್ರೆ ಕಡಿಮೆ ಮಾಡಿರುತ್ತಾರೆ. ತಂಪಾದ ಕೂಡಲೆ ಒತ್ತಡ ಮತ್ತೆ ಏರುತ್ತದೆ. ಮಾರ್ಚ್‌ಗೆ ಮೊದಲು ಎತ್ತಿಕೊಂಡು ಹೋದ ಅದೇ ಡಬ್ಬಿಯನ್ನು ಜೂನ್ ಎರಡನೆಯ ವಾರದೊಳಗೆ ಮತ್ತೊಮ್ಮೆ ತೋರಿಸಿ, ಬಿ.ಪಿ. ನೋಡಿಸಿ, ಸಾಧ್ಯವಾದರೆ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ರಕ್ತ ಪರೀಕ್ಷೆಯನ್ನೂ ಮಾಡಿಸಿಕೊಂಡು ಬರಬೇಕು.